ತಂಗಿಯ ಸಿಲಿಂಡರ್

ಮಾರ್ಚ್ 3, ಸೋಮವಾರ

ಕಿವಿ ಕೈಕೊಟ್ಟಿತು. ಡಾಕ್ಟರು ದೀಪ ಹಾಕಿ ನೋಡಿ, ಬಲಗಿವಿಯ ತಮಟೆ ಹರಿದಿದೆ, ಮೂರು ವಾರ ನೀರಿಗೆ ಇಳಿಯಕೂಡದು, ತಲೆಸ್ನಾನ ಮಾಡುವಾಗಲೂ ಹತ್ತಿ ಇಟ್ಟುಕೋ ಎಂದರು. ಏಳು ವರ್ಷದಿಂದ ಪರದೇಶದ ಸಮುದ್ರದಲ್ಲಿ ಜನರಿಗೆ ಡೈವಿಂಗ್ ಕಲಿಸಿ ಅನ್ನ ತಿನ್ನುತ್ತಿರುವವಳಿಗೆ ತಲೆಸ್ನಾನಕ್ಕೂ ಹತ್ತಿ! ನೆಗಡಿಯಿದ್ದರೆ ಇಳಿಯಬೇಡಿ ಎಂದು ಗಿರಾಕಿಗಳಿಗೆ ದಿನಾ ಪಾಠ ಒಪ್ಪಿಸುವವಳೂ ನಾನೇ. ಶನಿವಾರ ಹನ್ನೊಂದು ಜನ ಬಂದಿದ್ದರು, ಇಲ್ಲ ಎನ್ನಲಾಗಲಿಲ್ಲ. ಮೂಗಿಗೆ ನಾಲ್ಕು ಹನಿ ಔಷಧ ಬಿಟ್ಟುಕೊಂಡು ಇಳಿದೆ. ಕಿವಿಯೊಳಗೆ ಹಳೆ ಬಟ್ಟೆ ಹರಿದಂಥ ಸದ್ದಾಯಿತು.

ಡೈವಿಂಗ್ ಅಂಗಡಿಯ ಯಜಮಾನನಿಗೆ ಹೇಳಿದೆ. ಅಯ್ಯೋ ಪಾಪ ಎಂದಾನು ಅಂದುಕೊಂಡಿದ್ದೆ. "ಪರವಾಗಿಲ್ಲ ಬಿಡು, ನಿನ್ ತಂಗಿ ಇದಾಳಲ್ಲ" ಎಂದ.

ಇದಾಳೆ. ನವೆಂಬರಿನಲ್ಲಿ ನಾನೇ ಕರೆಸಿಕೊಂಡೆ. ಊರಿನ ಈಜುಕೊಳದ ಬದಿಯಲ್ಲಿ ಸೀಟಿ ಊದಿಕೊಂಡು ಮಕ್ಕಳಿಗೆ ಕಾಲು ಬಡಿಯುವುದನ್ನು ಕಲಿಸುತ್ತಿದ್ದವಳನ್ನು, ಅಮ್ಮನ ಹತ್ತಿರ ಒಂದು ತಿಂಗಳು ಜಗಳ ಆಡಿ ಕರೆಸಿಕೊಂಡೆ. ಹೋದ ತಿಂಗಳು ಶಿಕ್ಷಕಿಯ ಪರೀಕ್ಷೆ ಪಾಸಾದಳು. ಒಂದೇ ಸಲಕ್ಕೆ. ನನಗೆ ಎರಡು ಸಲ ಬೇಕಾಗಿತ್ತು.

ಈ ಪುಸ್ತಕದಲ್ಲಿ ಇದುವರೆಗೆ ಬರೆದದ್ದು ಎಷ್ಟು ಮೀಟರ್ ಇಳಿದೆ, ಎಷ್ಟು ನಿಮಿಷ ಇದ್ದೆ, ಅಷ್ಟೇ. ಇನ್ನು ಮೂರು ವಾರ ಇಳಿಯುವುದಕ್ಕೇನೂ ಇಲ್ಲ. ಮನಸ್ಸಿಗೆ ಬಂದದ್ದನ್ನು ಬರೆಯುತ್ತೇನೆ. ಯಾರು ಓದಬೇಕಾಗಿದೆ?

ಮಾರ್ಚ್ 6, ಗುರುವಾರ

ದೋಣಿ ಹೊರಟ ಮೇಲೆ ನನ್ನ ಪಾಲಿಗೆ ಉಳಿಯುವುದು ಸೂಟು ತೊಳೆಯುವ ತೊಟ್ಟಿ. ಬಾಡಿಗೆಯ ರಬ್ಬರ್ ಸೂಟಿನೊಳಗೆ ಜನ ಏನೇನು ಮಾಡುತ್ತಾರೆ ಎಂಬುದು ಅದನ್ನು ತಿರುವಿ ತೊಳೆಯುವವರಿಗೇ ಗೊತ್ತು. ಮೂಗು ಕಟ್ಟಿರುವುದೇ ಒಂದು ಪುಣ್ಯ.

ಬೆಳಿಗ್ಗೆ ಗಿರಾಕಿಯೊಬ್ಬ ಕೇಳಿದ, ಮೀನುಗಳ ಜೊತೆ ಆಟ ಆಡಿಕೊಂಡು ಸಂಬಳ ತಗೊಳ್ತೀರಲ್ಲ, ಎಂಥ ಅದೃಷ್ಟ ನಿಮ್ಮದು ಎಂದು. ಆಟ ದಿನಕ್ಕೆ ಒಂದೂವರೆ ಗಂಟೆ ಸ್ವಾಮಿ. ಉಳಿದ ಹೊತ್ತೆಲ್ಲ ಗಾಳಿಯ ಸಿಲಿಂಡರ್ ಹೊರುವುದು, ಸಿಲಿಂಡರ್ ತುಂಬುವುದು, ದೋಣಿಯಲ್ಲಿ ವಾಂತಿ ಮಾಡಿಕೊಂಡವರ ಬೆನ್ನು ನೀವುವುದು. ಎರಡು ಕೈಯ ಚರ್ಮವೂ ಉಪ್ಪಿಗೆ ಸೀಳಿದೆ. ನಮ್ಮ ಕೋಣೆ ಗಾಳಿ ತುಂಬುವ ಕಂಪ್ರೆಸರಿನ ಮೇಲೆಯೇ ಇದೆ, ಅದು ಶುರುವಾದರೆ ಮಂಚವೂ ನಡುಗುತ್ತದೆ. ಇದನ್ನೆಲ್ಲ ಅವನಿಗೆ ಹೇಳಲಿಲ್ಲ, ಹಲ್ಲು ಬಿಟ್ಟೆ.

ಮಧ್ಯಾಹ್ನ ಅವಳ ದೋಣಿ ಬಂತು. ಇಳಿದವರೆಲ್ಲ ಅವಳನ್ನು ಸುತ್ತಿಕೊಂಡು ನಗುತ್ತಿದ್ದಾರೆ. ಕಡಲಾಮೆ ತೋರಿಸಿದಳಂತೆ. ಏಳು ವರ್ಷದಲ್ಲಿ ನಾನು ಎಷ್ಟು ಆಮೆ ತೋರಿಸಿಲ್ಲ! ನನ್ನ ಆಮೆಗಳೇನು ಕುಂಟುತ್ತಿದ್ದವೇ?

ಒಬ್ಬಳು ನನ್ನ ಕಡೆ ತಿರುಗಿ, "ನೀವು ಅವರ ಅಕ್ಕನಂತೆ. ನೀವೂ ಡೈವ್ ಮಾಡ್ತೀರಾ?" ಎಂದಳು.

ಇಲ್ಲ ತಾಯಿ, ನಾನು ಬಟ್ಟೆ ಒಗೆಯುವವಳು ಎನ್ನಬೇಕೆಂದಿದ್ದೆ.

ಮಾರ್ಚ್ 10, ಸೋಮವಾರ

ಯಜಮಾನ ಇಬ್ಬರನ್ನೂ ಕೂರಿಸಿಕೊಂಡು ವಿಷಯ ಹೇಳಿದ. ನನ್ನ ಕೆಲಸದ ಪರವಾನಗಿ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಅವಳ ತರಬೇತಿಯ ಪರವಾನಗಿಯೂ ಅಂದೇ ಮುಗಿಯುತ್ತದೆ. ಈ ವರ್ಷದಿಂದ ಇಂಥ ಸಣ್ಣ ಅಂಗಡಿಗೆ ಹೊರದೇಶದ ಶಿಕ್ಷಕರು ಒಬ್ಬರೇ ಇರಬೇಕಂತೆ. ಒಬ್ಬರಿಗೆ ಕಾಗದ, ಇನ್ನೊಬ್ಬರಿಗೆ ಊರಿನ ವಿಮಾನ. ತಿಂಗಳ ಕೊನೆಯೊಳಗೆ ಹೆಸರು ಕಳಿಸಬೇಕು.

"ನಿನ್ನ ಕಿವಿ ಏನಾಗುತ್ತೋ ನೋಡೋಣ" ಎಂದು ನನಗೆ ಹೇಳಿದ. ಅವಳಿಗೆ ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮೆಟ್ಟಿಲು ಹತ್ತುವಾಗ ಅವಳು, "ಅಕ್ಕ, ನಿನಗೇ ಸಿಗುತ್ತೆ ಬಿಡು. ನಾನು ಇನ್ನೆಲ್ಲಾದ್ರೂ ಹುಡುಕ್ಕೋತೀನಿ" ಎಂದಳು. ಇದೊಂದು ಬೇರೆ. ಗೆಲ್ಲುವವರು ಸೋಲುವವರಿಗೆ ಹೇಳುವ ಮಾತು ಅದು.

ಅಮ್ಮನ ಫೋನ್ ಬಂತು. ಕಿವಿ ಹೇಗಿದೆ ಎಂದು ಕೇಳಿದಳು, ಸುಳ್ಳು ಹೇಳಬಾರದು. ಆಮೇಲೆ ಅರ್ಧ ಗಂಟೆ, ಅವಳು ತಿಂದಳಾ, ಸೊರಗಿದಳಾ, ನೀರಲ್ಲಿ ಹುಷಾರು ಅಂತ ಹೇಳು, ನೀನು ದೊಡ್ಡವಳು ನೀನೇ ನೋಡ್ಕೋಬೇಕು. ಹುಟ್ಟುವಾಗ ಸಾಲಿನಲ್ಲಿ ಮುಂದೆ ನಿಂತದ್ದೇ ನನ್ನ ತಪ್ಪು.

ಮಾರ್ಚ್ 12, ಬುಧವಾರ

ಅವಳು ತಿಂಡಿ ತಿನ್ನದೆ ದೋಣಿ ಹತ್ತುತ್ತಿದ್ದಳು. ಬೈದು ಎರಡು ಬಾಳೆಹಣ್ಣು ತಿನ್ನಿಸಿ ಕಳಿಸಿದೆ. ಹೊಟ್ಟೆಗಿಲ್ಲದೆ ಇಳಿದು ಗಿರಾಕಿಗಳೆದುರು ತಲೆಸುತ್ತಿದರೆ ಅಂಗಡಿಗೆ ಕೆಟ್ಟ ಹೆಸರು, ಅದಕ್ಕೆ.

ಮಾರ್ಚ್ 14, ಶುಕ್ರವಾರ

ವಾಲ್ವಿನ ಮೇಲೆ ಜಗಳ. ಸಿಲಿಂಡರಿನ ವಾಲ್ವನ್ನು ಪೂರ್ತಿ ತೆರೆದು, ಆಮೇಲೆ ಒಂದಿಷ್ಟು ಹಿಂದಕ್ಕೆ ತಿರುಗಿಸಬೇಕು. ಪೂರ್ತಿ ತೆರೆದು ಬಿಟ್ಟರೆ ಬಿಗಿದು ಕೂರುತ್ತದೆ. ನನಗೆ ಕಲಿಸಿದ ಗುರು ಹಾಗೆ ಕಲಿಸಿದರು, ಏಳು ವರ್ಷ ನನ್ನ ಕೈ ಹಾಗೇ ಮಾಡಿದೆ.

"ಈಗ ಯಾರೂ ಹಾಗೆ ಮಾಡಲ್ಲ ಅಕ್ಕ" ಎಂದಳು. "ಪೂರ್ತಿ ತೆರೆಯೋದು, ಅಲ್ಲಿಗೇ ಬಿಡೋದು. ಇಲ್ಲಾಂದ್ರೆ ಯಾವ ಕಡೆ ಹಿಂದಕ್ಕೆ ತಿರುಗಿಸಿದ್ವಿ ಅಂತ ಗೊಂದಲ ಆಗುತ್ತೆ. ಮುಚ್ಚಿ ಒಂಚೂರು ತೆರೆದಂಗಾದ್ರೆ ಮೇಲೆ ಗಾಳಿ ಬರುತ್ತೆ, ಗೇಜಿನ ಮುಳ್ಳೂ ಫುಲ್ ತೋರಿಸುತ್ತೆ, ಕೆಳಗೆ ಹೋದ್ಮೇಲೆ ಉಸಿರು ಕಟ್ಟುತ್ತೆ. ಪರೀಕ್ಷೆಗೇ ಕೇಳಿದ್ರು."

"ಮೊಟ್ಟೆ ಬಂದು ಕೋಳಿಗೆ ಬುದ್ಧಿ ಹೇಳ್ತಂತೆ" ಎಂದೆ. ದೋಣಿ ನಡೆಸುವವನು ಪಕ್ಕದಲ್ಲೇ ಇದ್ದ. ಅವನ ಮುಖ ಸದಾ ಹುಣಸೆಹಣ್ಣು ಕಚ್ಚಿದ ಹಾಗಿರುವುದರಿಂದ ನಾವಿಬ್ಬರೂ ಅವನನ್ನು ಹುಣಸೆ ಮಾಮ ಎನ್ನುತ್ತೇವೆ. "ಚಿಕ್ಕವಳು ಸರಿಯಾಗೇ ಹೇಳ್ತಿದಾಳೆ" ಎಂದ ಹುಣಸೆ ಮಾಮ. ತಿಂಗಳಿಗೊಂದು ಮಾತಾಡುವ ಮನುಷ್ಯ, ಆ ಒಂದನ್ನೂ ಅವಳಿಗೇ ಕೊಟ್ಟ.

ಮಾರ್ಚ್ 19, ಬುಧವಾರ

ಟೀಚರಮ್ಮ ಬಂದರು. ಸ್ಕೂಲಿನಿಂದ ನಿವೃತ್ತರಾದ ಮೇಲೆ ಗಂಡನ ಜೊತೆ ಪ್ರತಿವರ್ಷ ಈ ವಾರ ಬರುತ್ತಾರೆ. ಅರವತ್ತೆರಡನೇ ವಯಸ್ಸಿನಲ್ಲಿ, ಮುಖ ನೀರಿಗೆ ಮುಳುಗಿಸಲೂ ಹೆದರುತ್ತಿದ್ದವರನ್ನು ಕೈ ಹಿಡಿದು ಇಳಿಸಿದ್ದು ನಾನು. ಆವತ್ತು ನೀರಿನೊಳಗೇ ಅತ್ತಿದ್ದರು. ಗಿರಾಕಿಗಳಲ್ಲಿ ನನ್ನವರು ಅಂತ ಇದ್ದರೆ ಇವರೇ.

ಕಿವಿಯ ವಿಷಯ ಹೇಳಿದೆ. ತುಂಬ ಬೇಜಾರು ಮಾಡಿಕೊಂಡರು. ನನಗೆ ಅಷ್ಟು ಸಾಕಾಗಿತ್ತು. ಸಂಜೆ ಅವಳು ಅವರನ್ನು ದಡದ ಬಳಿ ಒಂದು ಸಣ್ಣ ಡೈವಿಗೆ ಕರೆದುಕೊಂಡು ಹೋದಳು. ಬಂದ ಟೀಚರಮ್ಮ ನನ್ನ ಕೈ ಹಿಡಿದು, "ನಿಮ್ಮ ತಂಗಿ ಜೊತೆ ಭಯವೇ ಆಗಲ್ಲಮ್ಮ. ಮುಂದಿನ ವರ್ಷವೂ ಅವಳ ಜೊತೆಗೇ ಹಾಕಿ" ಎಂದರು.

ಮುಂದಿನ ವರ್ಷವೂ.

ಊಟ ಸೇರಲಿಲ್ಲ. ಅವಳು ತಟ್ಟೆ ಹಿಡಿದು ಬಂದು, "ಕಿವಿ ನೋವಾ ಅಕ್ಕ?" ಎಂದಳು. ಹೌದು ಎಂದೆ. ಉರಿಯುತ್ತಿರುವುದು ಹೊಟ್ಟೆ ಎಂದರೆ ಯಾವ ಡಾಕ್ಟರಿಗೆ ತೋರಿಸುವುದು?

ಮಾರ್ಚ್ 20, ಗುರುವಾರ

ಬರೆದುಬಿಡಬೇಕು. ಇದ್ದದ್ದು ಇದ್ದ ಹಾಗೆ.

ಇವತ್ತು ದೋಣಿಯಲ್ಲಿ ಮೇಲಿನ ಕೆಲಸ ನನ್ನದಾಗಿತ್ತು. ನೀರಿಗೆ ಹಾರುವ ಮೊದಲು ಪ್ರತಿಯೊಬ್ಬರ ಬೆನ್ನಿನ ಸಿಲಿಂಡರ್ ಮುಟ್ಟಿ ನೋಡಿ, ತಲೆ ತಟ್ಟಿ ಕಳಿಸುವುದು. ಟೀಚರಮ್ಮನನ್ನು ನೋಡಿದೆ, ಗಂಡನನ್ನು ನೋಡಿದೆ. ಪರೀಕ್ಷೆಗೆ ಅವಳು ಕೊನೆಯವಳು, ಹಾರುವುದಕ್ಕೆ ಮೊದಲನೆಯವಳು. ತನ್ನದನ್ನು ತಾನು ಆಗಲೇ ಪರೀಕ್ಷಿಸಿಕೊಂಡು ದೋಣಿಯ ಅಂಚಿನಲ್ಲಿ ನಿಂತು ಟೀಚರಮ್ಮನಿಗೆ ಏನೋ ಹೇಳುತ್ತಿದ್ದಳು. ಟೀಚರಮ್ಮ ಅವಳ ಕೆನ್ನೆ ಮುಟ್ಟಿ ನಕ್ಕರು. ನಾನು ಹಿಂದಿನಿಂದ ಕೈ ಹಾಕಿ ಅವಳ ವಾಲ್ವ್ ತಿರುಗಿಸಿದೆ, ಅದು ನಿಲ್ಲುವವರೆಗೆ. ಆಮೇಲೆ ಒಂದಿಷ್ಟು ಹಿಂದಕ್ಕೆ. ತಲೆ ತಟ್ಟಿದೆ. ಹಾರಿದಳು.

ಆ ಕ್ಷಣ ನನ್ನ ಕಣ್ಣು ವಾಲ್ವಿನ ಮೇಲೆ ಇರಲಿಲ್ಲ. ಆ ಕೆನ್ನೆಯ ಮೇಲಿತ್ತು.

ಹದಿನೈದು ನಿಮಿಷಕ್ಕೆ ಮೂವರೂ ಒಟ್ಟಿಗೆ ಮೇಲೆ ಬಂದರು. ಇನ್ನೂ ಅರ್ಧ ಗಂಟೆ ಇರಬೇಕಾಗಿತ್ತು. ಅವಳ ಬಾಯಲ್ಲಿದ್ದದ್ದು ಅವಳ ಕೊಳವೆಯಲ್ಲ, ಟೀಚರಮ್ಮನ ಹೆಚ್ಚುವರಿ ಕೊಳವೆ. ಇಪ್ಪತ್ತಮೂರು ಮೀಟರಿನಲ್ಲಿ ಉಸಿರು ಎಳೆದರೆ ಗಾಳಿ ಬರುತ್ತಿರಲಿಲ್ಲವಂತೆ, ಎಳೆದಾಗಲೆಲ್ಲ ಗೇಜಿನ ಮುಳ್ಳು ಕೆಳಗೆ ಬೀಳುತ್ತಿತ್ತಂತೆ. ಟೀಚರಮ್ಮನ ಹತ್ತಿರ ಹೋಗಿ, ಕೈಸನ್ನೆ ಮಾಡಿ, ಅವರ ಗಾಳಿ ತೆಗೆದುಕೊಂಡು, ಅವರಿಬ್ಬರಿಗೂ ಗಾಬರಿಯಾಗದ ಹಾಗೆ ನಿಧಾನವಾಗಿ, ನಿಯಮದಂತೆ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿಸಿ, ಮೇಲೆ ತಂದಳು. ಅಷ್ಟು ಸೊಗಸಾಗಿ ನಾನು ತರುತ್ತಿರಲಿಲ್ಲ.

ಹುಣಸೆ ಮಾಮ ಅವಳ ಸಿಲಿಂಡರ್ ಮುಚ್ಚಲು ಹೋದ. ಅರ್ಧ ಸುತ್ತೂ ತಿರುಗಲಿಲ್ಲ, ಮುಚ್ಚಿಕೊಂಡಿತು; ಪೂರ್ತಿ ತೆರೆದಿದ್ದರೆ ಎರಡು ಮೂರು ಸುತ್ತಾದರೂ ಬೇಕು. ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಯಾರು ತೆರೆದದ್ದು ಇದನ್ನ?"

"ನಾನೇ" ಎಂದಳು ಅವಳು. "ಸರಿಯಾಗಿ ತೆರೆದಿಲ್ಲ ಅನ್ಸುತ್ತೆ."

ನಾನು ಹಗ್ಗ ಸುತ್ತುತ್ತಿದ್ದೆ.

ಮಾರ್ಚ್ 21, ಶುಕ್ರವಾರ

ಯಜಮಾನ ಅವಳನ್ನು ದೋಣಿಯಿಂದ ಇಳಿಸಿದ. ತನ್ನ ಸಿಲಿಂಡರ್ ತಾನು ನೋಡಿಕೊಳ್ಳಲಾಗದವಳು ಗಿರಾಕಿಗಳನ್ನೇನು ನೋಡಿಕೊಳ್ಳುತ್ತಾಳೆ ಎಂದ. ನನ್ನನ್ನು ಕರೆದು, "ಕಿವಿ ಸರಿಯಾಗಿದೆ ಅಂತ ಸೋಮವಾರ ಸರ್ಟಿಫಿಕೇಟ್ ತಗೊಂಡು ಬಾ, ನಿನ್ನ ಹೆಸರೇ ಕಳಿಸ್ತೀನಿ" ಎಂದ.

ಕಾಗದ ನನಗೆ!

ಅವಳಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೂ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಿದ್ದಾಳೆ. ಯಾರು ಕೇಳಿದ್ದರು ಈ ತ್ಯಾಗವನ್ನು? ನೀರಲ್ಲೂ ನನಗಿಂತ ಮೇಲು, ಆಟದಲ್ಲೂ ಪಾಠದಲ್ಲೂ ಮೇಲು, ಈಗ ಒಳ್ಳೆಯತನದಲ್ಲೂ ಮೇಲಾಗಬೇಕು. ಎದೆಯ ಮೇಲೆ ಕೂತು ದಾನ ಕೊಡುವುದು ಎಂದರೆ ಇದೇ.

ಮಾರ್ಚ್ 22, ಶನಿವಾರ

ಹೇಳಲಿಲ್ಲ.

ಮಾರ್ಚ್ 23, ಭಾನುವಾರ

ಬೇಕೆಂದು ಮಾಡಲಿಲ್ಲ. ಕೈ ತಪ್ಪಿತು. ದೇವರಾಣೆ ಕೈ ತಪ್ಪಿತು.

ಆದರೆ ಬಾಯಿ? ಗುರುವಾರದಿಂದ ಬಾಯಿ ಕೂಡ ತಪ್ಪಿ ಮುಚ್ಚಿಕೊಂಡಿದೆಯೇ?

ಮಾರ್ಚ್ 24, ಸೋಮವಾರ

ಕಿವಿ ಕೂಡಿಕೊಂಡಿದೆ. ಇನ್ನೊಂದು ವಾರ ಬಿಟ್ಟು ಇಳಿಯಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಸರ್ಟಿಫಿಕೇಟು ಚೀಲದಲ್ಲಿದೆ. ಖುಷಿಯಾಗಬೇಕಿತ್ತು.

ವಾಪಸು ಬಂದಾಗ ಅವಳು ಕಂಪ್ರೆಸರ್ ಕೋಣೆಯಲ್ಲಿ ಒಬ್ಬಳೇ ಇದ್ದಳು. ಖಾಲಿ ಸಿಲಿಂಡರ್ ಒಂದನ್ನು ಎದುರಿಗಿಟ್ಟುಕೊಂಡು ವಾಲ್ವ್ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು, ತೆರೆಯುತ್ತಿದ್ದಳು. ಒಂದೊಂದು ಸಲವೂ ಸುತ್ತು ಎಣಿಸುತ್ತಿದ್ದಳು. ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು.

"ಏನೇ ಇದು?" ಎಂದೆ.

"ನಂಗೆ ನೆನಪಿದೆ ಅಕ್ಕ, ಪೂರ್ತಿ ತೆರೆದಿದ್ದೆ. ಆಣೆ ಮಾಡಿ ಹೇಳ್ತಿದ್ದೆ. ಆದ್ರೆ ತೆರೆದಿರ್ಲಿಲ್ವಲ್ಲ! ಹಾಗಾದ್ರೆ ನನ್ನ ಕೈ ಮಾಡಿದ್ದು ನಂಗೇ ಗೊತ್ತಾಗಲ್ಲ ಅಂತ ಆಯ್ತಲ್ಲ. ನಾಳೆ ಇನ್ನೊಬ್ರ ಸಿಲಿಂಡರ್ ಹೆಂಗೆ ಮುಟ್ಲಿ ನಾನು?"

ಇವಳಿಗೆ ಗೊತ್ತಿಲ್ಲ. ಏನೂ ಗೊತ್ತಿಲ್ಲ. ನಾನು ಮೂರು ದಿನದಿಂದ ಯಾವ ತ್ಯಾಗಕ್ಕೆ ಹೊಟ್ಟೆ ಉರಿದುಕೊಂಡೆನೋ ಅದು ಇರಲೇ ಇಲ್ಲ.

"ಕೊನೆಗೆ ನಾನು ಮುಟ್ಟಿದ್ನಲ್ಲ" ಎಂದೆ.

"ಅದೇ ಮತ್ತೆ" ಎಂದು ನನ್ನ ಕೈ ಹಿಡಿದುಕೊಂಡಳು. "ನೀನು ಮುಟ್ಟಿದ್ದಕ್ಕೇ ಅಷ್ಟಾದ್ರೂ ತೆರೆದಿತ್ತು. ಇಲ್ದೇ ಹೋಗಿದ್ರೆ ಅದೂ ಇರ್ತಿರ್ಲಿಲ್ಲ. ನೀನೇ ಉಳಿಸ್ದೆ ನನ್ನ."

ನಾನು ಕೈ ಬಿಡಿಸಿಕೊಂಡು ಮೇಲೆ ಬಂದೆ. ನನ್ನ ಕೈ ತಪ್ಪಬಹುದು ಅಂತ ಅವಳ ತಲೆಗೇ ಬಂದಿಲ್ಲ. ತನ್ನ ಕೈಯನ್ನಾದರೂ ಅನುಮಾನಿಸುತ್ತಾಳೆ, ಅಕ್ಕನದನ್ನಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ಯಜಮಾನನ ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು ಪರವಾನಗಿಯ ಅರ್ಜಿ, ನನ್ನ ಹೆಸರಿನದು. ಇನ್ನೊಂದು ಗುರುವಾರದ ಅವಘಡದ ವರದಿ. ದೋಣಿಯ ಮೇಲೆ ಇದ್ದವಳು ನಾನಾದ್ದರಿಂದ ಅದಕ್ಕೂ ನನ್ನ ಸಹಿ ಬೇಕು. ಅದರಲ್ಲೊಂದು ಪ್ರಶ್ನೆ: ವಾಲ್ವನ್ನು ಕೊನೆಯದಾಗಿ ಮುಟ್ಟಿದವರು ಯಾರು? ಯಜಮಾನ ಆಗಲೇ ಅವಳ ಹೆಸರು ತುಂಬಿದ್ದ.

ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ. ತಪ್ಪು ಕಡೆಗೆ ತಿರುಗಿಸಿದೆ, ಅವಳು ಪೂರ್ತಿ ತೆರೆದಿದ್ದಳು ಎಂದೂ ಬರೆದೆ.

ಅವನು ಓದಿದ. ಬಹಳ ಹೊತ್ತು ಓದಿದ. "ಕೈ ತಪ್ಪೋದು ಎಲ್ಲರಿಗೂ ಆಗುತ್ತೆ. ನಂಗೂ ಆಗಿದೆ. ಆದ್ರೆ ಐದು ದಿನ ಅವಳ ಮುಖ ನೋಡ್ಕೊಂಡು ಅದ್ಹೇಗೆ ಸುಮ್ನಿದ್ದೆ ನೀನು?" ಎಂದ.

ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ.

ಅರ್ಜಿಯನ್ನು ನನ್ನೆದುರಿನಿಂದ ಎತ್ತಿಕೊಂಡ. ಹೊಸದೊಂದು ತೆಗೆದ.

ಕಂಪ್ರೆಸರ್ ಕೋಣೆಗೆ ಹೋಗಿ ಅವಳಿಗೂ ಹೇಳಿದೆ. "ನಿನ್ನ ಕೈ ಸರಿಯಾಗೇ ಇತ್ತು. ಮುಚ್ಚಿದ್ದು ನಾನು."

ಮೊದಲು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ನನ್ನನ್ನು. "ಐದು ರಾತ್ರಿ ನಿದ್ದೆ ಮಾಡಿಲ್ಲ ನಾನು. ಪಕ್ಕದ ಮಂಚದಲ್ಲೇ ಇದ್ದೆ ನೀನು" ಎಂದಳು.

ಮಾರ್ಚ್ 26, ಬುಧವಾರ

ಮಾತಿಲ್ಲ. ಟೀಚರಮ್ಮನ ಹತ್ತಿರ ಹೋಗಿ ಹೇಳಿದೆ. ಅವರು ನನ್ನ ಕೆನ್ನೆ ಮುಟ್ಟಲಿಲ್ಲ, ಹೇಳಿದ್ದು ಒಳ್ಳೇದಾಯ್ತು ಎಂದರು ಅಷ್ಟೆ. ಅವಳು ಮತ್ತೆ ದೋಣಿ ಹತ್ತಿದಳು. ಹತ್ತುವ ಮೊದಲು ಹುಣಸೆ ಮಾಮನ ಹತ್ತಿರ ವಾಲ್ವ್ ತೋರಿಸಿಕೊಂಡಳು, ನನ್ನ ಹತ್ತಿರ ಬರಲಿಲ್ಲ. ದಡದಿಂದ ನೋಡುತ್ತಾ ನಿಂತೆ. ಹಾರುವಾಗ ಎಡಗಾಲು ಸ್ವಲ್ಪ ಎಳೆಯುತ್ತಾಳೆ, ತಿದ್ದಬೇಕು.

ಮಾರ್ಚ್ 28, ಶುಕ್ರವಾರ

ಸಂಜೆ ನಾನು ಚೀಲ ತುಂಬುತ್ತಿದ್ದೆ. ಅವಳು ತನ್ನ ಹೆಸರಿನ ಅರ್ಜಿ ತಂದು ನನ್ನ ಮಂಚದ ಮೇಲೆ ಎಸೆದಳು. ಮೂರು ದಿನದಲ್ಲಿ ಮೊದಲ ಮಾತು. "ನಾನು ಇದಕ್ಕೆ ಸಹಿ ಹಾಕಲ್ಲ."

"ಯಾಕೆ?"

"ನಿನ್ನ ಎಂಜಲು ನಂಗೆ ಬೇಡ. ತಂಗಿ ನನ್ನ ಜಾಗ ಕಿತ್ಕೊಂಡ್ಲು ಅಂತ ಸಾಯೋವರೆಗೂ ಹೇಳ್ಕೊಂಡು ತಿರುಗ್ತೀಯ ನೀನು."

"ತಿರುಗ್ತೀನಿ. ಖಂಡಿತ ತಿರುಗ್ತೀನಿ. ಅದಕ್ಕೇನೀಗ?"

"ಅದಕ್ಕೇ ಬೇಡ. ಇಬ್ಬರೂ ಊರಿಗೆ ಹೋಗೋಣ."

ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಕೈಲಿದ್ದ ಬಟ್ಟೆಯನ್ನು ಗೋಡೆಗೆ ಬೀಸಿ ಒಗೆದೆ. "ಕತ್ತೆ! ನೀನು ನನಗಿಂತ ಚೆನ್ನಾಗಿ ಇಳೀತೀಯ ಕಣೆ! ಇಪ್ಪತ್ತಮೂರು ಮೀಟರಲ್ಲಿ ಗಾಳಿ ನಿಂತಾಗ ಇಬ್ಬರು ಮುದುಕರನ್ನ ಹೂವಿನ ಹಾಗೆ ಮೇಲೆ ತಂದೆಯಲ್ಲ, ನಂಗೆ ಬರ್ತಿರ್ಲಿಲ್ಲ ಅದು. ಏಳು ವರ್ಷ ಆದ್ರೂ ಬಂದಿಲ್ಲ. ನಾಲ್ಕು ತಿಂಗಳಿಂದ ನಿನ್ನ ನೋಡಿ ನೋಡಿ ನನ್ನ ಹೊಟ್ಟೆ ಸುಟ್ಟು ಬೂದಿಯಾಗಿದೆ. ಇಷ್ಟೆಲ್ಲ ಸುಟ್ಕೊಂಡಿದ್ದು ನೀನು ವಾಪಸ್ ಹೋಗಿ ಈಜುಕೊಳದ ಹತ್ರ ಸೀಟಿ ಊದ್ಲಿ ಅಂತಾನಾ? ಸಹಿ ಹಾಕ್ತೀಯೋ, ಕಪಾಳಕ್ಕೆ ಬಾರಿಸ್ಲೋ?"

ಕೆಳಗೆ ಕಂಪ್ರೆಸರ್ ನಿಂತಿತು. ನಾನು ಕೂಗಿದ್ದು ಇಡೀ ಅಂಗಡಿಗೆ ಕೇಳಿರಬೇಕು.

ಅವಳು ಮೂಗು ಒರೆಸಿಕೊಂಡಳು. ಗೋಡೆಯ ಬುಡದಲ್ಲಿ ಬಿದ್ದಿದ್ದ ಬಟ್ಟೆ ಎತ್ತಿ, ಮಡಚಿ, ನನ್ನ ಚೀಲದಲ್ಲಿ ಇಟ್ಟಳು.

"ಪೆನ್ ಕೊಡು" ಎಂದಳು.

ಕೊಟ್ಟೆ. ನನ್ನ ಮಂಚದ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದಳು. ಬಗ್ಗಿ ನೋಡಿದೆ. ಸಹಿಯೂ ನನ್ನದಕ್ಕಿಂತ ಚೆನ್ನಾಗಿದೆ, ಹಾಳಾದವಳದು.